ದೊಡ್ಡಾಂವ, ಸಣ್ಣಾಂವ ಮತ್ತು ಗೊಂಬಿ ಕಾಕಾ

ಅವರ ಎಡಗೈ ಹೆಬ್ಬೆರಳಿನ ಉಗುರು ಒಂದೊಂದು ದಿನ ಒಂದೊಂದು ಬಣ್ಣದ್ದಾಗಿರುತ್ತಿತ್ತು. ಕಲಸಿದ ಬಣ್ಣ ಹದವಾಗಿದೆಯೋ ಇಲ್ಲವೋ ಎಂದು ನೋಡಲು ಕುಂಚದ ತುದಿಯನ್ನು ಮೊದಲು ಆ ಉಗುರಿಗೆ ತಾಗಿಸಿ, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವುದು ಅವರ ರೂಢಿ. ಉಗುರು ಹಳದಿ ಇದ್ದರೆ ಅಂದು ಬಾಳೆಹಣ್ಣು, ನೇರಳೆ ಇದ್ದರೆ ಬದನೆಕಾಯಿ, ಮೈಬಣ್ಣದ್ದಿದ್ದರೆ ಯಾವುದೋ ಹೆಣ್ಣುಗೊಂಬೆಯ ಮುಖ. ಶಾಲೆಯಿಂದ ಬರುವಾಗ ನಾವು ಓಣಿಯ ಮಕ್ಕಳು ಅವರ ಮನೆಯ ಕಟ್ಟೆಯ ಮುಂದೆ ನಿಂತು "ಕಾಕಾ, ಉಗುರು" ಎನ್ನುತ್ತಿದ್ದೆವು. ಅವರು ತಲೆ ಎತ್ತದೆ ಹೆಬ್ಬೆರಳನ್ನಷ್ಟೇ ಎತ್ತಿ ತೋರಿಸುತ್ತಿದ್ದರು.

ಗೋಕಾಕದಲ್ಲಿ ನಮ್ಮ ಮನೆಯ ಹಿಂದಿನ ಓಣಿ ಅವರದು. ಹಗುರ ಕಟ್ಟಿಗೆಯನ್ನು ಕೆತ್ತಿ, ಮೇಲೆ ಕಟ್ಟಿಗೆಯ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿ ಮೆತ್ತಿ, ಸುಣ್ಣದ ಬಿಳಿ ಹಚ್ಚಿ ಒಣಗಿಸಿ, ಆಮೇಲೆ ಬಣ್ಣ ಬಳಿದು ಅವರು ಹಣ್ಣು, ತರಕಾರಿ, ಗೊಂಬೆ ಮಾಡುತ್ತಿದ್ದರು. ಅವರಪ್ಪನೂ ಅದನ್ನೇ ಮಾಡಿದವರು. ಊರಿಗೆಲ್ಲ ಅವರು ಗೊಂಬಿ ಕಾಕಾ. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಮ್ಮ ಮನೆಯಲ್ಲಿ ಪುಸ್ತಕಗಳಿದ್ದವು, ಕಾಕಾನ ಮನೆಯಲ್ಲಿ ಬಣ್ಣಗಳಿದ್ದವು. ಹಾಗಾಗಿ ನಾನು ಎಲ್ಲಿ ಹೆಚ್ಚು ಹೊತ್ತು ಇರುತ್ತಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಯಾವುದನ್ನೂ ಅವರು ಚಂದ ಐತಿ, ಚಂದ ಇಲ್ಲ ಎನ್ನುತ್ತಿರಲಿಲ್ಲ. ಕುಂತೈತಿ ಅಥವಾ ಕುಂತಿಲ್ಲ, ಎರಡೇ ತೀರ್ಪು. ಗೊಂಬೆಯ ಮೂಗು ಮುಖದ ಮೇಲೆ ಸರಿಯಾಗಿ ಬಾರದಿದ್ದರೆ "ಮೂಗು ಕುಂತಿಲ್ಲ" ಎಂದು ಕೆರೆದು ತೆಗೆಯುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ತೊಂದರೆ ಇರಲಿಲ್ಲ. ಮದುವೆಗೆ ಹೋದರೆ ಅಕ್ಕಿಕಾಳು ಹಾಕಿ ಬಂದು ಪಂಕ್ತಿಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ "ಹುಡುಗನ ತಲಿ ಹೆಗಲಿನ ಮ್ಯಾಲೆ ಕುಂತಿಲ್ಲ" ಎಂದುಬಿಡುತ್ತಿದ್ದರು. ಕಾಕಿ ಪಕ್ಕದಲ್ಲಿ ಕೂತು ಅವರ ತೊಡೆ ಚಿವುಟುತ್ತಿದ್ದರು.

ಅವರ ಮನೆಗೆ ಬಂದವರಿಗೆ ಮೊದಲು ಒಂದು ತಟ್ಟೆ ಹಣ್ಣು ಬರುತ್ತಿತ್ತು. ಒಮ್ಮೆ ಅವರ ತಂಗಿಯನ್ನು ನೋಡಲು ಬೆಲ್ಲದ ಬಾಗೇವಾಡಿಯಿಂದ ಬಂದಿದ್ದ ವರನ ಸೋದರಮಾವ, ಮಾತಿನ ಭರದಲ್ಲಿ ತಟ್ಟೆಯ ಪೇರಲ ಹಣ್ಣನ್ನೆತ್ತಿ ಕಚ್ಚಿಯೇಬಿಟ್ಟರಂತೆ. ಬಾಯಿ ತುಂಬ ಹೊಟ್ಟು. ಸಂಬಂಧ ಮುರಿದುಬಿತ್ತು. ನಾಲ್ಕು ಹಲ್ಲಿನ ಗುರುತಿದ್ದ ಆ ಪೇರಲವನ್ನು ಕಾಕಾ ಗಾಜಿನ ಕಪಾಟಿನಲ್ಲಿ, ಬೇರೆಯವರು ಬಹುಮಾನದ ಬಟ್ಟಲು ಇಡುವ ಜಾಗದಲ್ಲಿ ಇಟ್ಟಿದ್ದರು.

"ತಂಗಿ ಲಗ್ನ ಮುರದ ಹಣ್ಣು," ಎನ್ನುತ್ತಿದ್ದರು ಕಾಕಿ.

"ವಾಸನಿ ನೋಡದ ಕಚ್ಚೂ ಮಂದಿ. ಅವರ ಮನಿಗೆ ಕೊಟ್ಟಿದ್ರ ಅಕಿ ಗತಿ ಏನಾಗ್ತಿತ್ತು?" ಎನ್ನುತ್ತಿದ್ದರು ಕಾಕಾ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಓಣಿಗೆ ಕೇಬಲ್ ಬಂದಿತ್ತು. ಕಾಕಿ ತಮ್ಮ ಧಾರಾವಾಹಿಗಳಿಗೆಂದು ಟಿವಿ ತರಿಸಿ ಪಡಸಾಲೆಯಲ್ಲಿ ಇಟ್ಟರು. ಅದೇ ಪಡಸಾಲೆಯಲ್ಲಿ ಕಾಕಾ ಕೆಲಸ ಮಾಡುತ್ತಿದ್ದರು, ಟಿವಿಗೆ ಬೆನ್ನು ಹಾಕಿ. ಸಂಜೆ ಐದೂವರೆಗೆ ಹಿಂದಿಯಲ್ಲಿ ಒಂದು ರೋಬೋಟಿನ ಕಾರ್ಟೂನು ಬರುತ್ತಿತ್ತು. ಆ ಅರ್ಧ ಗಂಟೆಯನ್ನು ಕಾಕಿ ನಮಗೆ ಬಿಟ್ಟುಕೊಟ್ಟಿದ್ದರು. ರೋಬೋಟು ಚೌಕ ಎದೆಯದು, ಕಂಬದಂಥ ಕಾಲಿನದು. ಮೈಮೇಲಿನ ಒಂದೊಂದು ಮೊಳೆಯನ್ನೂ ಬಿಡದೆ ಬರೆದಿದ್ದರು. ವಾರಕ್ಕೈದು ಸಲ ಅದು ಒಂದು ಪಟ್ಟಣವನ್ನು ಉಳಿಸುತ್ತಿತ್ತು.

ನಮ್ಮ ಗುಂಪಿನಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬ ಭರತ, ನನ್ನದೇ ವಯಸ್ಸಿನವನು, ಪೇಟೆಯಲ್ಲಿ ಕಿರಾಣಿ ಅಂಗಡಿ ಇದ್ದ ಜೈನರ ಮನೆಯ ಹುಡುಗ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಇನ್ನೊಬ್ಬರು ಎದುರು ಅಂಗಡಿಯ ಟೇಲರ್ ಚಾಚಾ. ಐವತ್ತು ದಾಟಿದವರು, ಕೊರಳಲ್ಲಿ ಸದಾ ಟೇಪು. ಐದೂವರೆಗೆ ಸರಿಯಾಗಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿ, "ಕಣ್ಣಿಗೆ ಸ್ವಲ್ಪ ಆರಾಮ" ಎಂದು ಬಂದು ಎಲ್ಲರಿಗಿಂತ ಮುಂದೆ ಕೂರುತ್ತಿದ್ದರು.

ಒಂದು ಸೋಮವಾರ ಹೊಸ ಸರಣಿ ಶುರುವಾಯಿತು. ಅದೇ ರೋಬೋಟು, ಆದರೆ ಬರೆದ ಕೈ ಬೇರೆ. ದೊಡ್ಡ ಕಣ್ಣು, ಬಳೆಯಲ್ಲಿ ತೂರಿಸಬಹುದಾದ ನಡ, ಕೊಕ್ಕರೆಯಂಥ ಉದ್ದ ಕಾಲು. ಗೆರೆಗಳೋ ಇದ್ದಲಿಯಿಂದ ಗೀಚಿದ ಹಾಗೆ ದಪ್ಪ. ಮೊಳೆ ಒಂದೂ ಇರಲಿಲ್ಲ. ಅರ್ಧ ಗಂಟೆ ಮುಗಿದ ಮೇಲೆ ಭರತ ಎದ್ದು ನಿಂತು, ಸತ್ತವರ ಮನೆಯಲ್ಲಿ ಮಾತನಾಡುವ ದನಿಯಲ್ಲಿ, "ಅವನ್ನ ಹಾಳ ಮಾಡಿಬಿಟ್ರು" ಎಂದ.

"ನನಗ ಚಲೋ ಅನಸ್ತು," ಎಂದೆ ನಾನು.

ಅಲ್ಲಿಂದ ಓಣಿ ಎರಡಾಯಿತು.

"ಮೊಳಿ ಇಲ್ಲ ಅಂದ್ರ ಅವನ ಮೈ ಕೂಡಿ ಹಿಡದದ್ದು ಯಾವದು?" ಎಂದು ಭರತ ಕೇಳುತ್ತಿದ್ದ.

"ನಿನ್ನ ಮೈಗೆ ಎಷ್ಟ ಮೊಳಿ ಅದಾವು?" ಎಂದು ನಾನು ಕೇಳುತ್ತಿದ್ದೆ.

ಟೇಲರ್ ಚಾಚಾ ಮೂರು ದಿನ ಯಾವ ಪಕ್ಷವನ್ನೂ ಸೇರಲಿಲ್ಲ. ನಾಲ್ಕನೇ ದಿನ ಕತೆಯ ನಡುವೆಯೇ ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಟೇಪು ಹಿಡಿದರು. ನಾವು ಕಿರುಚುತ್ತಿದ್ದರೂ ಅಳತೆ ಮುಗಿಸಿಯೇ ತಿರುಗಿದರು. "ಭುಜ ನಾಕೂವರಿ ಇಂಚು, ನಡ ಒಂದ ಇಂಚು. ಇವಗ ನಾ ಅಂಗಿ ಹೊಲಿಯೂದಿಲ್ಲ," ಎಂದು ಭರತನ ಪಕ್ಕ ಹೋಗಿ ಕೂತರು.

ದೀಪಾವಳಿ ಸೂಟಿಗೆ ಅಪ್ಪ ನನ್ನನ್ನು ಅಜ್ಜನ ಊರಾದ ತುಕ್ಕಾನಟ್ಟಿಗೆ ಕರೆದೊಯ್ದರು. ಅಲ್ಲಿ ಕೇಬಲ್ ಇರಲಿಲ್ಲ. ಮೂರನೇ ದಿನ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಓದಿದವರು ಅಜ್ಜ. "ಸವಿತಾಗ ತಿಳಿಸೂದು ಏನಂದರ, ನಿನ್ನೆ ನಿನ್ನಾಂವ ಹೊಳ್ಯಾಗ ಬಿದ್ದ. ಕಾಲು ಸಣ್ಣವು. ಇತಿ ಭರತ." ಅಜ್ಜ ಕನ್ನಡಕ ತೆಗೆದು, ಅಂಗಳದಲ್ಲಿದ್ದ ನಾಲ್ಕು ಮಂದಿಯ ಮುಂದೆ, "ಯಾರವಾ ಇಂವಾ? ಆರಾಮ ಅದಾನೇನು ಈಗ?" ಎಂದು ಕೇಳಿದರು. ಅವನು ಟಿವಿಯ ರೋಬೋಟು ಎಂದು ನಂಬಿಸಲು ನನಗೆ ಎರಡು ದಿನ ಹಿಡಿಯಿತು.

ಇಷ್ಟೆಲ್ಲ ನಡೆಯುವಾಗ ಕಾಕಾ ಟಿವಿಗೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದರು. ಸೂಟಿ ಮುಗಿಸಿ ಬಂದ ದಿನ ನನ್ನ ಮತ್ತು ಭರತನ ಜಗಳ ಕೈ ಮಿಲಾಯಿಸುವವರೆಗೆ ಹೋಗಿ, ಒಣಗಲಿಟ್ಟಿದ್ದ ಸೀತಾಫಲವೊಂದು ಉರುಳಿಬಿತ್ತು. ಆಗ ಕಾಕಾ ತಿರುಗಿದರು. ಆ ದಿನ ಉಳಿದಿದ್ದ ಹತ್ತು ನಿಮಿಷದ ಕತೆಯನ್ನು ಕೈಯಲ್ಲಿ ಕೆತ್ತುವ ಚಾಣ ಹಿಡಿದುಕೊಂಡೇ ನೋಡಿದರು.

"ನೀವ ಹೇಳ್ರಿ ಕಾಕಾ. ಹಳೇದು ಕುಂತೈತೋ, ಹೊಸಾದು ಕುಂತೈತೋ?" ಎಂದ ಭರತ.

"ಗಾಜಿನ್ಯಾಗ ಇದ್ದದ್ದನ್ನ ನಾ ಹೆಂಗ ಹೇಳ್ಲಿ? ನನಗ ಕೈಯಾಗ ಸಿಗಬೇಕು," ಎಂದರು ಕಾಕಾ. ಉರುಳಿದ್ದ ಸೀತಾಫಲವನ್ನು ಎತ್ತಿಟ್ಟು, "ಎರಡೂ ಮಾಡ್ತೇನಿ. ಯಾವದು ನಿಂದ್ರತೈತಿ ನೋಡೂಣು," ಎಂದರು.

ಹಳೆಯದಕ್ಕೆ ಅವರೇ ದೊಡ್ಡಾಂವ ಎಂದು ಹೆಸರಿಟ್ಟರು, ಹೊಸದಕ್ಕೆ ಸಣ್ಣಾಂವ. ದೊಡ್ಡಾಂವನನ್ನು ನಾವು ವರ್ಷಗಟ್ಟಲೆ ನೋಡಿದ್ದೆವು. ಭರತ ಬಾಯಲ್ಲೇ ಎಲ್ಲ ಹೇಳಿದ, ಎದೆಯ ಮೇಲಿನ ಹದಿನಾಲ್ಕು ಮೊಳೆ ಸಹಿತ. ಎರಡು ದಿನದಲ್ಲಿ ದೊಡ್ಡಾಂವ ಹಲಗೆಯ ಮೇಲೆ ನಿಂತ. ಹಿತ್ತಲಿನಲ್ಲಿ ಒರಳುಕಲ್ಲು ಇರುವ ಹಾಗೆ ಗಟ್ಟಿಯಾಗಿ ನಿಂತ.

ಸಣ್ಣಾಂವನದೇ ಕಷ್ಟ. ಟಿವಿಯಲ್ಲಿ ಅವನು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಕಾಕಾ ಪರದೆಯ ಮುಂದೆ ಕೂತು, "ಸ್ವಲ್ಪ ನಿಂದ್ರೋ ಯಪ್ಪಾ, ಮಾರಿ ನೋಡ್ತೇನಿ," ಎಂದು ಬೇಡಿಕೊಳ್ಳುತ್ತಿದ್ದರು. ಕೊನೆಗೆ ಕೆಲಸ ಹಂಚಿದರು. ಭರತ ತಲೆಯನ್ನು ಮಾತ್ರ ನೋಡಬೇಕು, ಚಾಚಾ ಭುಜ ಮತ್ತು ನಡ, ನಾನು ಕಾಲು. ಕಣ್ಣು ಆಚೆ ಈಚೆ ಹೋಗಕೂಡದು. ಎರಡು ವಾರ ನಾವು ಹಾಗೆಯೇ ನೋಡಿದೆವು. ಆ ಎರಡು ವಾರಗಳಲ್ಲಿ ಕತೆ ಏನಾಯಿತೆಂದು ಇವತ್ತಿಗೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಗಣಿತದ ವಹಿಯ ಹಿಂದಿನ ಹಾಳೆಗಳ ತುಂಬ ಕಾಲು ಬರೆದೆ. ಕಾಕಾ ಅದನ್ನು ತೆರೆದು ನೋಡಲಿಲ್ಲ. "ಉದ್ದ ಎಷ್ಟು, ದಪ್ಪ ಎಷ್ಟು, ಅಷ್ಟ ಹೇಳು," ಎಂದರು. ಹೇಳಿದೆ.

ಸಣ್ಣಾಂವ ತಯಾರಾದ. ಮುಖ ಹೋಲುತ್ತಿತ್ತು, ನಡ ಹೋಲುತ್ತಿತ್ತು. ಕಾಕಾ ಅವನನ್ನು ಹಲಗೆಯ ಮೇಲಿಟ್ಟು ಕೈ ತೆಗೆದರು. ಬಿದ್ದ. ಪಾದಕ್ಕೆ ಸ್ವಲ್ಪ ಹೊಟ್ಟು ಮೆತ್ತಿ ಮತ್ತೆ ನಿಲ್ಲಿಸಿದರು. ಈ ಸಲ ಹಿಂದಕ್ಕೆ ಬಿದ್ದ. ಭರತನ ಪಕ್ಷದವರು ಓಣಿಯಲ್ಲಿ ಮೆರವಣಿಗೆ ಮಾಡಿದರು. ಚಾಚಾ ಎಲ್ಲರಿಗೂ ಚುರುಮುರಿ ಹಂಚಿದರು. ನಾನು ಅಳು ನುಂಗಿಕೊಂಡು ಕೂತಿದ್ದೆ. ಕಾಕಾ ಮಾತ್ರ ಗೆದ್ದವರನ್ನೂ ನೋಡಲಿಲ್ಲ, ಸೋತವಳನ್ನೂ ನೋಡಲಿಲ್ಲ. ಬಿದ್ದವನನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಅಂದಿನಿಂದ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಮೂರು ಸಲ ಕಾಲು ಕೆತ್ತಿದರು, ಮೂರು ಸಲ ಒಲೆಗೆ ಹಾಕಿದರು. ಅದೇ ವಾರ ಹತ್ತರಗಿಯಿಂದ ಒಬ್ಬರು ಬರುವವರಿದ್ದರು. ಹೈವೇ ಬಾಜೂ ಹೊಸದಾಗಿ ಹೋಟೆಲ್ ಹಾಕುತ್ತಿದ್ದ ಅವರು ದುಡ್ಡಿನ ಗಲ್ಲೆಯ ಮೇಲಿಡಲು ದೊಡ್ಡ ಬುಟ್ಟಿ ತುಂಬ ಹಣ್ಣು ಹೇಳಿ ಹೋಗಿದ್ದರು. ಜೀಪು ಬಂದು ನಿಂತಾಗ ಹಣ್ಣುಗಳೆಲ್ಲ ಬಿಳಿ ಹಚ್ಚಿದ ಹಂತದಲ್ಲೇ ಇದ್ದವು. ಬಿಳಿ ಬಾಳೆ, ಬಿಳಿ ಮಾವು, ಬಿಳಿ ದ್ರಾಕ್ಷಿ.

"ಏನ್ರಿ ಇದು, ಹಣ್ಣಿಗೆಲ್ಲ ತೊನ್ನ ಹತ್ತಿದಂಗ ಐತಿ," ಎಂದರು ಆ ಗೃಹಸ್ಥರು. ಆಮೇಲೆ ಅವರ ಕಣ್ಣು ಹಲಗೆಯ ಮೇಲೆ ಮಲಗಿದ್ದ ಸಣ್ಣಾಂವನ ಮೇಲೆ ಬಿತ್ತು. "ಇದನ್ನ ಮಾಡಕೋತ ಕುಂತಿದ್ರೇನು? ನಿಮ್ಮಪ್ಪ ಇದ್ದಾಗ ಹಿಂಗ ಇರಲಿಲ್ರಿ."

ಜೀಪು ಹೋದ ಮೇಲೂ ಕಾಕಾ ಬಾಗಿಲಲ್ಲೇ ನಿಂತಿದ್ದರು. ನಾವು ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡೆವು. ಮರುದಿನ ಸಂಜೆ ಹೋದರೆ ಟಿವಿಯ ಮೇಲೆ ಕಾಕಿಯ ಹಳೆ ಸೀರೆ ಹೊದಿಸಿತ್ತು. "ಇನ್ನ ಮ್ಯಾಲೆ ನಿಮ್ಮ ನಿಮ್ಮ ಮನ್ಯಾಗ ನೋಡ್ರಿ," ಎಂದರು ಕಾಕಿ. ಸಿಟ್ಟಿನಿಂದ ಹೇಳಲಿಲ್ಲ. ಅದೇ ನಮಗೆ ಹೆಚ್ಚು ಚುಚ್ಚಿತು. ಕಾಕಾ ಮೂಲೆಯಲ್ಲಿ ಮಾವಿನಹಣ್ಣಿಗೆ ಬಣ್ಣ ಬಳಿಯುತ್ತಿದ್ದರು.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಐದೂವರೆಗೆ ಮಾಡಲು ಬೇರೇನೂ ತೋಚದೆ ನಾನು ಗಣಿತದ ವಹಿಯ ಹಿಂದಿನ ಹಾಳೆಗಳನ್ನು ತಿರುವುತ್ತ ಕೂರುತ್ತಿದ್ದೆ. ಕಾಲು, ಕಾಲು, ಮತ್ತೆ ಕಾಲು. ಎರಡನೆಯ ದಿನವೋ ಮೂರನೆಯ ದಿನವೋ ನನಗೆ ಒಂದು ವಿಷಯ ಕಂಡಿತು. ಕಂಡ ಕೂಡಲೇ ಚಪ್ಪಲಿ ಸಹ ಹಾಕದೆ ಹಿಂದಿನ ಓಣಿಗೆ ಓಡಿದೆ.

ಕಾಕಾ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ನೋಡಿದರು. ಕೊನೆಯವರೆಗೂ ನೋಡಿ ಮತ್ತೆ ಮೊದಲಿನಿಂದ ನೋಡಿದರು.

"ಇದರಾಗ ಎರಡೂ ಕಾಲು ನೆಲಕ್ಕ ಹತ್ತಿದ್ದು ಎಲ್ಲೈತಿ?"

"ಇಲ್ರಿ ಕಾಕಾ."

"ಯಾಕ ಚಿತ್ರ ತಗದಿಲ್ಲ?"

"ಅಂವ ಹಂಗ ನಿಂತ ಇಲ್ರಿ. ಒಂದ ದಿನಾನೂ ನಿಂತಿಲ್ಲ."

ಕಾಕಾ ವಹಿ ಮುಚ್ಚಿ ಹಲಗೆಯ ಮೇಲಿಟ್ಟರು. ಹೊರಗೆ ಚಾಚಾನ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. "ಓಡೂ ಮನಷ್ಯಾನ್ನ ನಾ ಪಹರೆಕ್ಕ ನಿಂದರಿಸೀನಿ. ಬೀಳದ ಏನ ಮಾಡ್ತಾನ ಅಂವ?" ಎಂದರು. ಒಳಗಿದ್ದ ಕಾಕಿಯನ್ನು ಕರೆದು, "ಇಕಿಗೆ ಚಾ ಕೊಡ. ಈ ಹುಡಿಗಿ ಗೆರಿ ಕುಂತೈತಿ," ಎಂದರು. ಅವರ ಬಾಯಿಂದ ನನಗೆ ಆ ಮಾತು ಬಂದದ್ದು ಅದೊಂದೇ ಸಲ. ಆಗ ನನಗೆ ಹದಿನಾಲ್ಕು ವರ್ಷ. ಅದಾದ ಮೇಲೆ ನನ್ನ ಕೆಲಸಕ್ಕೆ ಯಾರು ಏನೇ ಹೊಗಳಿಕೆ ಕೊಟ್ಟರೂ ಆ ಚಹದ ರುಚಿ ಬಂದಿಲ್ಲ.

ಮೊದಲು ಹಣ್ಣು ಮುಗಿಸಿದರು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಬಸ್ಸಿನಲ್ಲಿ ಹತ್ತರಗಿಗೆ ಹೋದರು. ದಾರಿಯಲ್ಲಿ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅಳುವ ಮೊಮ್ಮಗನಿಗೆ ಒಂದು ಬಾಳೆಹಣ್ಣು ಕೇಳಿದಳಂತೆ. ಇವರು ಇಳಿದು ಅಂಗಡಿಯಿಂದ ನಿಜವಾದ ಹಣ್ಣು ತಂದುಕೊಡುವವರೆಗೂ ಬಸ್ಸು ನಿಂತಿತ್ತಂತೆ. ಹೋಟೆಲಿನವರು ಬುಟ್ಟಿಯನ್ನು ಗಲ್ಲೆಯ ಮೇಲಿಟ್ಟರು, ಚಹ ಕೊಟ್ಟರು, ಅಂದು ಆಡಿದ ಮಾತಿಗೆ ತಾವೇ ಬೇಸರಪಟ್ಟರು. ಕಾಕಾ ಅಲ್ಲಿಂದ ಬಂದವರೇ ಟಿವಿಯ ಮೇಲಿನ ಸೀರೆ ತೆಗೆದು ಮಡಚಿ ಕಾಕಿಯ ಕೈಗಿಟ್ಟರು. ಕಾಕಿ ಅದನ್ನು ಒಳಗೆ ಒಯ್ದಿಟ್ಟರು. ಹತ್ತರಗಿಯ ಕೆಲಸ ಮುಗಿದ ಸಮಾಧಾನ ಅವರ ಮುಖದಲ್ಲೂ ಕಾಣುತ್ತಿತ್ತು.

ಈ ಸಲ ಸಣ್ಣಾಂವನ ಒಂದು ಕಾಲು ಮುಂದೆ ಬಂತು. ಹಿಂದಿನ ಕಾಲಿನ ಬೆರಳುಗಳಷ್ಟೇ ನೆಲ ಮುಟ್ಟಿದವು. ಎದೆ ಮುಂದಕ್ಕೆ ವಾಲಿತು, ಒಂದು ಕೈ ಹಿಂದಕ್ಕೆ ಹೋಯಿತು. ಹಲಗೆಯ ಸುತ್ತ ಓಣಿಯೆಲ್ಲ ಸೇರಿತ್ತು. ಕಾಕಾ ಕೈ ತೆಗೆದರು. ಸಣ್ಣಾಂವ ಬೀಳಲಿಲ್ಲ. ಈಗ ಬೀಳುತ್ತಾನೆ ಅನ್ನಿಸುವ ಹಾಗೆ ನಿಂತೇ ಇದ್ದ. ಚಾಚಾ ಬಗ್ಗಿ ಊದಿ ನೋಡಿದರು. ಆಗಲೂ ಬೀಳಲಿಲ್ಲ.

ನಾನು ಭರತನ ಮುಖ ನೋಡಿದೆ. ಅವನು ಹಲಗೆಯ ಸುತ್ತ ಒಂದು ಸುತ್ತು ಹಾಕಿ ಬಂದು, "ನಿಂತಾನ. ಖರೆ. ಆದ್ರೂ ಮೊಳಿ ಬೇಕಾಗಿದ್ವು," ಎಂದ. ಜಗಳ ಮತ್ತೆ ಶುರುವಾಯಿತು. ಆ ಸರಣಿ ಮುಗಿದು ಎಷ್ಟೋ ವರ್ಷಗಳಾದವು, ನಮ್ಮ ಜಗಳ ಮುಗಿಯಲಿಲ್ಲ.

ಸಣ್ಣಾಂವನನ್ನು ನೋಡಿ ಮೂಡಲಗಿಯ ಆಟಿಕೆ ಅಂಗಡಿಯವರೊಬ್ಬರು ಅಂಥವೇ ಬೇಕೆಂದು ಬೆನ್ನು ಬಿದ್ದರು. ಕಾಕಾ ಒಪ್ಪಲಿಲ್ಲ. "ಗೆರಿ ಇನ್ನೊಬ್ಬರದು. ನಾ ತಿಳಕೊಳ್ಳಾಕ ಮಾಡಿದ್ನಿ, ಮಾರಾಕಲ್ಲ," ಎಂದು ಕಳಿಸಿದರು. ಆದರೆ ಆ ಚಳಿಗಾಲ ಮುಗಿಯುವಷ್ಟರಲ್ಲಿ ಒಂದು ದಿನ ಕಾಕಿ ನನ್ನನ್ನು ಕರೆದು ಕಪಾಟು ತೋರಿಸಿದರು. ಬುಟ್ಟಿ ಹೊತ್ತ ಹೆಣ್ಣಿನ ಗೊಂಬೆ ಅವರ ಮನೆಯಲ್ಲಿ ಕಾಕಾನ ಅಪ್ಪನ ಕಾಲದಿಂದ ಮಾಡುತ್ತ ಬಂದದ್ದು. ಎರಡೂ ಪಾದ ಜೋಡಿಸಿ, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ನಿಲ್ಲುತ್ತಿದ್ದಳು. ಹೊಸದಾಗಿ ಮಾಡಿದವಳ ಎಡಗಾಲು ಅರ್ಧ ಗೇಣು ಮುಂದಿತ್ತು. ಸೀರೆಯ ನಿರಿಗೆ ಆ ಕಡೆಗೆ ಸರಿದಿತ್ತು.

"ಇಷ್ಟ ವರ್ಷ ಸುಮ್ಮ ನಿಂತಿದ್ಲು. ಈಗ ಎಲ್ಲಿಗೆ ಹೊಂಟಾಳಂತ ಕೇಳವಾ ನಿಮ್ಮ ಕಾಕಾನ್ನ," ಎಂದರು ಕಾಕಿ.

"ನನಗೇನ ಗೊತ್ತು? ಹೊಂಟಾಳ," ಎಂದರು ಕಾಕಾ, ತಲೆ ಎತ್ತದೆ.

ಅಲ್ಲಿಂದ ಅವರ ಕೈಯಲ್ಲಿ ಎಲ್ಲರೂ ನಡೆಯತೊಡಗಿದರು. ಹಾಲು ಮಾರುವವನು, ಕುರಿ ಕಾಯುವವನು, ಅಂಚೆಯವನು, ಎಲ್ಲರೂ ಎಲ್ಲಿಗೋ ಹೊರಟವರೇ.

ಹತ್ತನೇ ತರಗತಿ ಮುಗಿದಾಗ ನಾನು ಚಿತ್ರಕಲೆ ಕಲಿಯುತ್ತೇನೆ ಎಂದೆ. ಅಪ್ಪ ಅದು ಹೊಟ್ಟೆಗಾಗುವ ವಿದ್ಯೆಯಲ್ಲ ಎಂದರು. ಕಾಕಾ ಒಗೆದ ಅಂಗಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, "ಮಾಸ್ತರ, ನಿಮ್ಮ ಮಗಳು ನನಗ ಕಾಲು ತಗಿಯೂದ ಕಲಿಸ್ಯಾಳ್ರಿ," ಎಂದರು. ಅಪ್ಪ ಅವರು ತಮಾಷೆ ಮಾಡುತ್ತಿದ್ದಾರೆಂದು ನಕ್ಕರು. ಕಾಕಾ ನಗಲಿಲ್ಲ. ಅಪ್ಪನ ನಗು ನಿಂತಿತು. ಆ ಜೂನ್‌ನಲ್ಲಿ ಅಪ್ಪ ಕಾಲೇಜಿನಿಂದ ನನಗೆ ಚಿತ್ರಕಲೆಯ ಅರ್ಜಿಯನ್ನೇ ತಂದರು.

ನಾನು ಹುಕ್ಕೇರಿಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾದ ಎರಡನೇ ವರ್ಷ ಕಾಕಾಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಒಂದು ರವಿವಾರ ನೋಡಲು ಹೋದೆ. ಅರ್ಧಕ್ಕೆ ತಿದ್ದಿದ್ದ ಮಕ್ಕಳ ಚಿತ್ರಗಳ ಕಟ್ಟು ಚೀಲದಲ್ಲೇ ಇತ್ತು. ಭರತನೂ ಬಂದಿದ್ದ. ಅಪ್ಪನ ಅಂಗಡಿ ಅವನೇ ನೋಡಿಕೊಳ್ಳುತ್ತಿದ್ದ, ಸ್ವಲ್ಪ ಹೊಟ್ಟೆ ಬಂದಿತ್ತು. ಕಾಕಾ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತು, "ಚೀಲದಾಗ ಏನು?" ಎಂದರು. ನಾನು ಚಿತ್ರಗಳನ್ನು ಒಂದೊಂದಾಗಿ ಹಿಡಿದು ತೋರಿಸಿದೆ. ಒಂದರ ಹತ್ತಿರ ಅವರು ಎಡಗೈ ಎತ್ತಿ ನಿಲ್ಲಿಸಿದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬರೆದ ಆಕಳು. ಐದು ಕಾಲು. ಐದನೆಯದರ ಸುತ್ತ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೆ.

"ಈ ಕೆಂಪು ಯಾರ ಹಚ್ಚಿದ್ದು?"

"ನಾನರಿ ಕಾಕಾ. ಒಂದ ಕಾಲು ಹೆಚ್ಚಿಗಿ ತಗದಾಳ."

"ಆಕಳಿಗೆ ನಾಕ ಕಾಲಲ್ರಿ ಕಾಕಾ," ಎಂದ ಭರತ.

"ನಿಂತಾಗ ನಾಕ," ಎಂದರು ಕಾಕಾ. ನಾಲಿಗೆ ತೊದಲುತ್ತಿತ್ತು, ಆದರೆ ತೀರ್ಪು ಸ್ಪಷ್ಟವಾಗಿತ್ತು. "ಇದು ಓಡಾಕತ್ತೈತಿ."

ಭರತ ಒಪ್ಪಲಿಲ್ಲ. ಓಡಿದರೂ ನಾಲ್ಕೇ, ಹಾರಿದರೂ ನಾಲ್ಕೇ ಎಂದ. ಕಾಕಾ ದಿಂಬಿನಿಂದ ಎದ್ದು ಕೂತರು. ಒಳಗಿನಿಂದ ಕಾಕಿ, "ಡಾಕ್ಟರ್ ಮಾತಾಡಬ್ಯಾಡ ಅಂದಾರ," ಎಂದು ಕೂಗಿದರು. ಯಾರೂ ಕೇಳಲಿಲ್ಲ. ಐದರ ಬಸ್ಸಿಗೆಂದು ನಾನು ಹೊರಟಾಗಲೂ ಅವರಿಬ್ಬರ ವಾದ ನಡೆದೇ ಇತ್ತು.

ಸೋಮವಾರ ಶಾಲೆಯಲ್ಲಿ ಆ ಹುಡುಗಿಯನ್ನು ಕರೆದು, "ಈ ಆಕಳ ಎಲ್ಲಿಗೆ ಓಡಾಕತ್ತೈತಿ?" ಎಂದು ಕೇಳಿದೆ.

"ಮನಿಗ್ರಿ ಟೀಚರ್. ಕರ ಒದರಾಕತ್ತೈತಿ," ಎಂದಳು. ಚಿತ್ರದಲ್ಲಿ ಕರು ಇರಲಿಲ್ಲ. ಅದು ಕಾಗದದ ಆಚೆ ಎಲ್ಲೋ ಇತ್ತು.

ಮುಂದಿನ ರವಿವಾರ ಕಾಕಾಗೆ ಇದನ್ನು ಹೇಳಬೇಕು ಎಂದುಕೊಂಡೇ ವಾರ ಕಳೆದೆ. ಶುಕ್ರವಾರ ಮಧ್ಯಾಹ್ನ ಭರತನ ಫೋನು ಬಂತು. ನಾನು ಗೋಕಾಕ ಮುಟ್ಟುವಷ್ಟರಲ್ಲಿ ಕಾಕಾನ ಅಂಗಳದಲ್ಲಿ ಜನ ತುಂಬಿತ್ತು. ಎಲ್ಲ ಮುಗಿದ ಮೇಲೆ, ಜನ ಕರಗಿದ ಮೇಲೆ, ನಾನು ಮತ್ತು ಭರತ ಆ ಕಟ್ಟೆಯ ಮೇಲೆ ಕೂತೆವು. ಕಾಕಾಗೆ ಹೇಳಬೇಕಾಗಿದ್ದನ್ನು ಅವನಿಗೆ ಹೇಳಿದೆ. ಕರು ಕೂಗುತ್ತಿದೆ, ಅದಕ್ಕೇ ಆಕಳು ಓಡುತ್ತಿದೆ ಎಂದೆ.

ಭರತ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಹಂಗಾರ ಐದ ಬೇಕ ಬಿಡು," ಎಂದ.